ಗೆರೆಯಕ್ಕನ ಬಲಗಣ್ಣು

ಬಟ್ಟೆ ಗಿರಣಿಯ ತಪಾಸಣೆ ಕೋಣೆಯಲ್ಲಿ ಹನ್ನೊಂದು ಮೇಜುಗಳಿವೆ. ಮೇಜು ಅಂದರೆ ಓರೆಯಾಗಿ ನಿಲ್ಲಿಸಿದ ಮಸುಕು ಗಾಜಿನ ಹಲಗೆ. ಹಿಂದೆ ಟ್ಯೂಬ್‌ಲೈಟು, ಮೇಲೊಂದು ಕೆಳಗೊಂದು ಉರುಳೆ. ಬಟ್ಟೆ ಮೇಲಿನಿಂದ ಕೆಳಕ್ಕೆ ಜಾರುತ್ತ ಹೋಗುತ್ತದೆ, ಎದುರಿಗೆ ನಿಂತವರು ನೋಡುತ್ತ ಹೋಗುತ್ತಾರೆ. ದೋಷ ಕಂಡರೆ ಪೆಡಲ್ ಒತ್ತಿ ನಿಲ್ಲಿಸಿ ಅಂಚಿಗೆ ಕೆಂಪು ದಾರ ಕಟ್ಟಬೇಕು. ಆರನೇ ಮೇಜಿನ ಹೆಂಗಸು ಇಪ್ಪತ್ನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದಾಳೆ. ವಯಸ್ಸು ಐವತ್ತೊಂದು. ಅವಳ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಗಿರಣಿಗೆಲ್ಲ ಅವಳು ಗೆರೆಯಕ್ಕ.

ಆ ಹೆಸರು ಬಂದದ್ದು ಅವಳ ಒಂದು ವರಸೆಯಿಂದ. ಚೌಕಳಿ ಬಟ್ಟೆಯ ಅಡ್ಡಗೆರೆ ಅಂಚಿನಿಂದ ಅಂಚಿಗೆ ನೇರವಾಗಿ ಹೋಗಬೇಕು. ನಡುವೆ ಬಿಲ್ಲಿನಂತೆ ಬಾಗಿದರೆ ಅಂಗಿ ಹೊಲಿದಾಗ ಎಡಬಲದ ಚೌಕಗಳು ಕೂಡುವುದಿಲ್ಲ. ಎದುರು ನಿಂತು ನೋಡಿದರೆ ಒಂದೂವರೆ ಮೀಟರ್ ಅಗಲದಲ್ಲಿ ಐದು ಮಿಲಿಮೀಟರ್ ಬಾಗು ಯಾರ ಕಣ್ಣಿಗೂ ಬೀಳದು. ಗೆರೆಯಕ್ಕ ಎದುರು ನಿಲ್ಲುವುದಿಲ್ಲ. ಮೇಜಿನ ಪಕ್ಕಕ್ಕೆ ಬಂದು, ಕೆನ್ನೆ ಗಾಜಿಗೆ ತಾಗುವಷ್ಟು ಬಗ್ಗಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗೆರೆಯ ಉದ್ದಕ್ಕೆ ನೋಡುತ್ತಾಳೆ. ಬಡಗಿ ಹಲಗೆಯ ಅಂಚು ನೋಡುವ ಹಾಗೆ. ಆಗ ಒಂದೂವರೆ ಮೀಟರ್ ಕುಗ್ಗಿ ಗೇಣಾಗುತ್ತದೆ. ಬಾಗು ಮಾತ್ರ ಕುಗ್ಗುವುದಿಲ್ಲ, ಎದ್ದು ಕಾಣುತ್ತದೆ. ಬೇರೆಯವರೂ ಹಾಗೆ ಬಗ್ಗಿ ನೋಡಿದ್ದಾರೆ. ಕತ್ತು ಹಿಡಿದುಕೊಂಡದ್ದು ಬಿಟ್ಟರೆ ಅವರಿಗೆ ಬೇರೇನೂ ದಕ್ಕಲಿಲ್ಲ.

ಒಂದು ಸೋಮವಾರ ನೀಲಿ-ಬಿಳಿ ಚೌಕಳಿಯ ಮೂರು ಥಾನುಗಳಲ್ಲಿ ಅವಳಿಗೆ ಗೆರೆ ನಡುವೆ ಮೇಲಕ್ಕೆ ಉಬ್ಬಿದ್ದು ಕಂಡಿತು. ಸ್ಟೆಂಟರಿನವನಿಗೆ ಹೇಳಿ ಕಳಿಸಿದಳು. ಸ್ಟೆಂಟರ್ ಅಂದರೆ ಒದ್ದೆ ಬಟ್ಟೆಯ ಎರಡೂ ಅಂಚು ಹಿಡಿದೆಳೆದು ಬಿಸಿಗಾಳಿಯಲ್ಲಿ ಒಣಗಿಸುವ ಉದ್ದನೆಯ ಯಂತ್ರ. ಬಾಗಿದ ಗೆರೆಯನ್ನು ನೇರ ಮಾಡುವ ಉರುಳೆಗಳೂ ಅದರಲ್ಲೇ ಇವೆ. ಅದನ್ನು ನಡೆಸುವವನು ಐವತ್ತೆಂಟು ವರ್ಷದ ಸಣಕಲು ಮನುಷ್ಯ. ಎಲ್ಲರೂ ಸ್ಟೆಂಟರಣ್ಣ ಅನ್ನುತ್ತಾರೆ.

"ನನಗೇನೂ ಕಾಣ್ತಿಲ್ಲವಲ್ಲ," ಅಂದ.

"ನಿನಗೆ ಯಾವತ್ತು ಕಂಡಿತ್ತು? ಕಂಡಿದ್ರೆ ನಾನ್ಯಾಕೆ ಇಲ್ಲಿ ಕತ್ತು ಮುರ್ಕೊಂಡು ನಿಂತಿರ್ತಿದ್ದೆ?"

"ಬೆಳಿಗ್ಗೆ ತಾನೆ ಹೊಂದಿಸಿದ್ದೀನಿ ತಾಯಿ."

"ಮತ್ತೆ ಹೊಂದಿಸು. ನೀನು ಹೊಂದಿಸಿದೆ ಅಂತ ಅದೇನು ಹೊಂದ್ಕೊಂಡೇ ಇರುತ್ತಾ?"

ಅವನು ಉರುಳೆಯ ತಿರುಪನ್ನು ಅರ್ಧ ಸುತ್ತು ತಿರುಗಿಸಿದ. ಹೊಸ ಥಾನು ಬಂತು. ಅವಳು ಬಗ್ಗಿ ನೋಡಿ, "ಇನ್ನೂ ಇದೆ," ಅಂದಳು. ಇನ್ನರ್ಧ ಸುತ್ತು. "ಹಾಂ, ಈಗ ನೇರ." ಆ ವಾರ ನಲವತ್ತು ಥಾನುಗಳು ಅವಳ ಮೇಜು ದಾಟಿ ಹೋದವು. ಅವನು ಎದುರು ಮಾತಾಡಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಗೆರೆಯ ವಿಷಯಕ್ಕೆ ಅವಳು ಒಮ್ಮೆಯೂ ತಪ್ಪಿರಲಿಲ್ಲ.

ಮೂರು ವಾರದ ಮೇಲೆ ನಲವತ್ತೂ ವಾಪಸ್ ಬಂದವು. ಅಂಗಿ ಕಾರ್ಖಾನೆಯವರು ಅಳೆದು ಬರೆದಿದ್ದರು: ಒಂಬತ್ತು ಮಿಲಿಮೀಟರ್ ಬಾಗು, ಕೆಳಮುಖವಾಗಿ. ಯಂತ್ರ ಯಾರದೋ ಮೆಮೊ ಅವರಿಗೆ. ಮ್ಯಾನೇಜರು ಸ್ಟೆಂಟರಣ್ಣನಿಗೆ ಕೊಟ್ಟರು.

ಅವನು ಮೆಮೊ ಜೇಬಿನಲ್ಲಿಟ್ಟುಕೊಂಡು, ಊಟದ ಬಿಡುವಿನಲ್ಲಿ, ವಾಪಸ್ ಬಂದ ಒಂದು ಥಾನು ಮತ್ತು ಒಂದೂವರೆ ಮೀಟರ್ ಉದ್ದದ ಉಕ್ಕಿನ ಸ್ಕೇಲು ಹಿಡಿದು ಆರನೇ ಮೇಜಿಗೆ ಬಂದ. ಬಟ್ಟೆ ಹಾಸಿ, ಒಂದು ಅಡ್ಡಗೆರೆಯ ಮೇಲೆ ಸ್ಕೇಲಿಟ್ಟ.

"ನೋಡು."

ಅವಳು ಪಕ್ಕಕ್ಕೆ ಹೋಗಿ ಬಗ್ಗಿದಳು. "ಬಟ್ಟೆ ನೇರವಾಗೇ ಇದೆ. ನಿನ್ನ ಸ್ಕೇಲೇ ಸೊಟ್ಟ. ಮೇಲಕ್ಕೆ ಉಬ್ಬಿದೆ."

"ಉಕ್ಕಿನ ಸ್ಕೇಲು ಸೊಟ್ಟ ಆಗುತ್ತಾ?"

"ಎಲ್ಲೋ ಬೀಳಿಸಿರ್ತೀಯ."

"ಹಾಗಿದ್ರೆ ತಿರುಗಿಸಿಡು."

ಅವನು ಹೇಳಿದ್ದರಲ್ಲಿ ತರ್ಕವಿತ್ತು. ಸ್ಕೇಲು ಮೇಲಕ್ಕೆ ಬಾಗಿದ್ದರೆ ಮಗುಚಿ ಇಟ್ಟಾಗ ಕೆಳಕ್ಕೆ ಬಾಗಿ ಕಾಣಬೇಕು. ಅವಳು ಮಗುಚಿದಳು. ಉಬ್ಬು ಮೇಲೆಯೇ ಇತ್ತು. ಮತ್ತೊಮ್ಮೆ ಮಗುಚಿದಳು. ಸ್ಕೇಲು ತಿರುಗುತ್ತಿತ್ತು, ಉಬ್ಬು ತಿರುಗುತ್ತಿರಲಿಲ್ಲ. ಮೂರನೆಯ ಸಲಕ್ಕೆ, ಯಾರೂ ಹೇಳದೆ, ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದಳು. ಸ್ಕೇಲು ನೆಟ್ಟಗೆ ಮಲಗಿತ್ತು. ಅದರ ಕೆಳಗೆ ಬಟ್ಟೆಯ ಗೆರೆ ಒಂಬತ್ತು ಮಿಲಿಮೀಟರ್ ಜೋತು ಬಿದ್ದಿತ್ತು.

ಅವನು ಸ್ಕೇಲನ್ನು ಮೆಲ್ಲಗೆ ಎತ್ತಿಕೊಂಡ.

"ಎಷ್ಟು ದಿನದಿಂದ?" ಅಂದ ಅವನು.

"ಏನು ಎಷ್ಟು ದಿನದಿಂದ?"

"ಸರಿ, ಕೇಳಿಲ್ಲ ಅಂದ್ಕೋ. ನನಗಿನ್ನು ಎರಡು ವರ್ಷ ಸರ್ವೀಸು, ನಿನಗೆ ಒಂಬತ್ತು. ಮೆಮೊಗೆ ಏನು ಬರೀಬೇಕೋ ನಾನು ಬರೀತೀನಿ. ನೀನು ಕಣ್ಣಿನ ಆಸ್ಪತ್ರೆಗೆ ಹೋಗು."

"ನನ್ನ ಕಣ್ಣಿಗೆ ಏನೂ ಆಗಿಲ್ಲ."

"ಆಗದೇ ಇದ್ರೆ ವಾಪಸ್ ಬಾ. ಹೋಗೋದು ಮಾತ್ರ ಹೋಗು."

ಉರುಳೆ ಹೊಂದಿಸುವಾಗ ನನ್ನಿಂದ ತಪ್ಪಾಗಿದೆ ಎಂದು ಅವನು ಬರೆದುಕೊಟ್ಟ. ಆರು ತಿಂಗಳ ಮಟ್ಟಿಗೆ ಅವನನ್ನು ಬಣ್ಣದ ತೊಟ್ಟಿಗಳ ಕಡೆಗೆ ಹಾಕಿದರು. ಗೆರೆಯಕ್ಕ ತಡೆಯಲಿಲ್ಲ. ಇದನ್ನು ಬಿಟ್ಟು ಅವಳ ಬಗ್ಗೆ ಬರೆದರೆ ಬರೆದದ್ದು ಸುಳ್ಳಾಗುತ್ತದೆ. ಕಾರಣ ಸರಳವಾಗಿತ್ತು: ತಪಾಸಣೆಯಲ್ಲಿ ಕಣ್ಣು ಕೆಟ್ಟವರು ಪ್ಯಾಕಿಂಗಿಗೆ ಹೋಗುವುದು ಗಿರಣಿಯ ಕ್ರಮ. ಅಲ್ಲಿ ಪೆಟ್ಟಿಗೆಗೆ ಟೇಪು ಅಂಟಿಸುತ್ತಾರೆ. ಹತ್ತನೇ ಮೇಜಿನವಳೊಬ್ಬಳು ಹಾಗೆ ಹೋದವಳು, ಈಗ ಎದುರಿಗೆ ಸಿಕ್ಕರೂ ತಲೆ ಎತ್ತುವುದಿಲ್ಲ. ಗೆರೆಯಕ್ಕನಿಗೆ ಮೇಜು ಬಿಟ್ಟುಕೊಡುವ ಮನಸ್ಸಿರಲಿಲ್ಲ, ಅಷ್ಟೇ.

ಆದರೆ ಆಸ್ಪತ್ರೆಗೆ ಹೋದಳು. ಮೊದಲು ನರ್ಸು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ನೂರ ಎಪ್ಪತ್ತೆಂಟು, ಕೆಳಗೆ ನೂರ ಆರು.

"ಬಸ್ಸಿಂದ ಇಳಿದು ಓಡಿ ಬಂದೆ, ಅದಕ್ಕೇ," ಅಂದಳು ಗೆರೆಯಕ್ಕ.

ಇಪ್ಪತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೆ ನೂರ ಎಪ್ಪತ್ನಾಲ್ಕು, ನೂರ ನಾಲ್ಕು. "ಈಗ ಯಾವ ಬಸ್ಸಿಗೆ ಓಡಿದ್ರಿ ಅಕ್ಕ?" ಅಂದಳು ನರ್ಸು.

ಕಣ್ಣಿಗೆ ಹನಿ ಹಾಕಿ ಪಾಪೆ ಅಗಲ ಮಾಡಿದರು. ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ ಕಣ್ಣಿನ ಹಿಂಗೋಡೆಯ ಚಿತ್ರ ತೆಗೆದರು. ಡಾಕ್ಟರು ಮೂವತ್ತು ದಾಟಿದ ಹೆಂಗಸು, ನಿಧಾನವಾಗಿ ಮಾತಾಡುವವರು. ಚಿತ್ರ ತೋರಿಸಿದರು. ಕಿತ್ತಳೆ ಬಣ್ಣದ ವೃತ್ತ. ಅದರ ಮೇಲ್ಭಾಗದಲ್ಲಿ ರಕ್ತನಾಳದ ಒಂದು ಕೊಂಬೆಯ ಸುತ್ತ ಕೆಂಪು ಶಾಯಿ ಚೆಲ್ಲಿದ ಹಾಗೆ ಕಲೆಗಳು.

"ಇದು ನಿಮ್ಮ ಬಲಗಣ್ಣಿನ ರೆಟಿನಾ, ಒಳಗಿನ ಪರದೆ. ಇದು ರಕ್ತ ತರೋ ನಾಳ, ಇದು ವಾಪಸ್ ಒಯ್ಯೋ ನಾಳ. ಎರಡೂ ಒಂದರ ಮೇಲೊಂದು ಹಾಯೋ ಜಾಗದಲ್ಲಿ ಎರಡಕ್ಕೂ ಸೇರಿ ಒಂದೇ ಹೊದಿಕೆ. ಒತ್ತಡ ಜಾಸ್ತಿ ಇದ್ದು ಇದ್ದು ತರೋ ನಾಳ ಗಟ್ಟಿಯಾಗುತ್ತೆ, ಪಕ್ಕದ ಮೆತ್ತನೆಯ ನಾಳವನ್ನ ಅದುಮುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ."

"ಉಗಿ ಪೈಪು ಪಕ್ಕದ ರಬ್ಬರ್ ಪೈಪನ್ನ ಅದುಮಿದ ಹಾಗೆ."

"ಸರಿಯಾಗಿ ಹೇಳಿದ್ರಿ. ಮುಂದಕ್ಕೆ ಹೋಗೋಕೆ ಆಗದ ರಕ್ತ ಹಿಂದೆ ನಿಲ್ಲುತ್ತೆ, ನಾಳದ ಗೋಡೆಯಿಂದ ನೀರು ಸೋರುತ್ತೆ. ಆ ನೀರು ಇಲ್ಲಿ, ನಟ್ಟನಡುವೆ, ನೀವು ಗೆರೆ ನೋಡೋ ಜಾಗದಲ್ಲಿ ತುಂಬಿ ಪರದೆ ಊದಿಕೊಂಡಿದೆ. ಊದಿದ ಪರದೆ ಮೇಲೆ ಬಿದ್ದ ಚಿತ್ರ ಸೊಟ್ಟ ಕಾಣುತ್ತೆ."

ಊತದ ಅಳತೆಯೂ ಇತ್ತು. ನಡುವಿನ ದಪ್ಪ ಐನೂರ ಹನ್ನೆರಡು ಮೈಕ್ರಾನ್. ಎಡಗಣ್ಣಿನದು ಇನ್ನೂರ ಅರವತ್ತೆಂಟು. ಅಂಕಿ ಕಂಡ ಮೇಲೆ ಗೆರೆಯಕ್ಕ ವಾದ ನಿಲ್ಲಿಸಿದಳು. ಅಳತೆಯ ಜೊತೆ ಅವಳು ಜಗಳವಾಡುವವಳಲ್ಲ.

"ನೋವೇ ಇರಲಿಲ್ಲ," ಅಂದಳು.

"ನೋವಾಗಲ್ಲ. ಎರಡೂ ಕಣ್ಣು ತೆರೆದಿದ್ರೆ ಚೆನ್ನಾಗಿರೋದು ಕೆಟ್ಟದ್ದನ್ನ ಮುಚ್ಚಿಹಾಕುತ್ತೆ. ಎಷ್ಟೋ ಜನ ತಿಂಗಳುಗಟ್ಟಲೆ ಗೊತ್ತಾಗದೆ ಓಡಾಡ್ತಾರೆ. ನಿಮ್ಮದು ಒಂದು ಕಣ್ಣು ಮುಚ್ಚಿ ನೋಡೋ ಕೆಲಸ, ಅದಕ್ಕೇ ಇಷ್ಟು ಬೇಗ ಬಂದ್ರಿ."

ಬೇಗ ಬಂದದ್ದು ನಲವತ್ತು ಥಾನು ಕೆಡಿಸಿದ ಮೇಲೆ ಎಂದು ಗೆರೆಯಕ್ಕ ಹೇಳಲಿಲ್ಲ. ಡಾಕ್ಟರು ಒಂದು ಕಾರ್ಡು ಕೊಟ್ಟರು. ಅದರ ತುಂಬ ಸಣ್ಣ ಚೌಕಗಳು, ನಡುವೆ ಒಂದು ಕಪ್ಪು ಚುಕ್ಕೆ. ದಿನಾ ಬೆಳಿಗ್ಗೆ ಓದುವ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ, ಚುಕ್ಕೆ ನೋಡಬೇಕು; ಗೆರೆ ಬಾಗಿದರೆ, ಅಳಿಸಿಹೋದರೆ, ತಕ್ಷಣ ಬರಬೇಕು.

ಗೆರೆಯಕ್ಕ ನಕ್ಕೇ ಬಿಟ್ಟಳು. "ಇಪ್ಪತ್ನಾಲ್ಕು ವರ್ಷ ಚೌಕಳಿ ನೋಡಿ ನೋಡಿ ಕಣ್ಣು ಕೆಡಿಸ್ಕೊಂಡು ಬಂದಿದ್ದೀನಿ ಡಾಕ್ಟ್ರಮ್ಮ. ನೀವು ಮತ್ತೆ ಚೌಕಳೀನೇ ಕೊಡ್ತೀರಲ್ಲ!"

"ನೋಡಿ ಕೆಟ್ಟಿದ್ದಲ್ಲ. ನೋಡೋ ಕೆಲಸದಿಂದ ಇದು ಬರಲ್ಲ. ಒತ್ತಡದಿಂದ ಬಂದಿದೆ. ಅದನ್ನ ಹಿಡಿತಕ್ಕೆ ತರದಿದ್ರೆ ನಾಳೆ ಇನ್ನೊಂದು ಕಣ್ಣಿಗೂ ಬರಬಹುದು."

ಚಿಕಿತ್ಸೆ ಅಂದರೆ ಕಣ್ಣಿನೊಳಗೆ ಸೂಜಿಮದ್ದು, ಮೊದಲ ಕೆಲವು ತಿಂಗಳು ತಿಂಗಳಿಗೊಂದು. ಕಣ್ಣಿನೊಳಗೆ ಸೂಜಿ ಎಂಬ ಮಾತಿಗೆ ಹೆದರದವರಿಲ್ಲ. ಗೆರೆಯಕ್ಕನಿಗೆ ಹೆದರಿಕೆಗಿಂತ ಸಿಟ್ಟು ಹೆಚ್ಚು ಬಂತು. ಮಲಗಿಸಿ ಮರಗಟ್ಟುವ ಹನಿ ಹಾಕಿದರು, ಕಂದು ಬಣ್ಣದ ಔಷಧದಲ್ಲಿ ರೆಪ್ಪೆ ತೊಳೆದರು, ಮುಚ್ಚದ ಹಾಗೆ ಒಂದು ಸಣ್ಣ ಕ್ಲಿಪ್ಪು ಸಿಕ್ಕಿಸಿದರು. ಡಾಕ್ಟರು ಎರಡು ಮೊನೆಯ ಪುಟ್ಟ ಉಪಕರಣ ಕೈಗೆತ್ತಿಕೊಂಡರು.

"ಅದೇನು?"

"ಅಳತೆ. ಕರಿಗುಡ್ಡೆಯ ಅಂಚಿಂದ ನಾಲ್ಕು ಮಿಲಿಮೀಟರ್ ದೂರ ಚುಚ್ಚಬೇಕು. ಹತ್ತಿರ ಹೋಗಬಾರದು, ದೂರಾನೂ ಹೋಗಬಾರದು."

"ದಿನಾ ಮಾಡ್ತೀರಿ, ಆದ್ರೂ ಅಳೀತೀರಾ?"

"ದಿನಾ ಮಾಡ್ತೀನಿ ಅಂತಲೇ ಅಳೀತೀನಿ."

ಆ ಮಾತು ಗೆರೆಯಕ್ಕನಿಗೆ ಸೂಜಿಗಿಂತ ಹೆಚ್ಚು ಚುಚ್ಚಿತು. ತಾನು ಅಂದು ಅಳೆದಿರಲಿಲ್ಲ. ಸೂಜಿ ಚುಚ್ಚಿದ್ದು ಒಮ್ಮೆ ಅದುಮಿದ ಹಾಗೆ ಅನ್ನಿಸಿ ಮುಗಿಯಿತು. ನೋಟದಲ್ಲಿ ಕರಿಯ ಗುಳ್ಳೆಯೊಂದು ತೇಲಿತು. ಒಂದೆರಡು ದಿನದಲ್ಲಿ ಹೋಗುತ್ತದೆ ಅಂದರು. ಕಣ್ಣು ಉಜ್ಜಬಾರದು, ನೀರು ಬೀಳಿಸಬಾರದು. ನೋವು ಹೆಚ್ಚುತ್ತ ಹೋದರೆ, ಕೆಂಪಾಗಿ ದೃಷ್ಟಿ ಮಂಜಾದರೆ, ಹೊತ್ತುಗೊತ್ತು ನೋಡದೆ ಬರಬೇಕು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದಳು. ಎಪ್ಪತ್ತಾರು ವರ್ಷದ ಗಟ್ಟಿ ಮುದುಕಿ. ಹದಿನಾಲ್ಕು ವರ್ಷದಿಂದ ರೇಡಿಯೋದಲ್ಲಿ ಬೆಳಗಿನ ವಾರ್ತೆ ಶುರುವಾಗುತ್ತಿದ್ದಂತೆ ಒತ್ತಡದ ಮಾತ್ರೆ ನುಂಗುವವಳು. "ವಾರ್ತೆಯವರು ನಿಮ್ಮ ಮಾತ್ರೆಗೆ ಅಂತಲೇ ಗಂಟೆ ಹೊಡೀತಾರೆ," ಎಂದು ಸೊಸೆ ಆಡಿಕೊಳ್ಳುತ್ತಿದ್ದಳು. ಈಗ ಸೊಸೆಯ ಕೈಯಲ್ಲೂ ಮಾತ್ರೆ ಚೀಟಿ.

"ತೋರಿಸು," ಅಂದಳು ಅತ್ತೆ. ಓದಿದಳು. "ನನ್ನದಕ್ಕಿಂತ ದೊಡ್ಡ ಮಾತ್ರೆ! ಇಷ್ಟು ವರ್ಷ ನನ್ನ ನೋಡಿ ನಗ್ತಿದ್ದೆಯಲ್ಲ, ಈಗ ಪಕ್ಕದಲ್ಲಿ ಬಂದು ಕೂತ್ಕೋ."

"ನಿಮ್ಮ ಮಗನಿಗೆ ಈಗಲೇ ಹೇಳಬೇಡಿ."

"ಹೇಳದೆ ಏನು? ಅವನು ಡಿಪೋದಲ್ಲಿ ಬಸ್ಸಿನ ಪೈಪೆಲ್ಲ ಬಿಚ್ಚಿ ಸರಿ ಮಾಡ್ತಾನೆ. ಹೆಂಡತಿ ಪೈಪು ಕಟ್ಕೊಂಡಿದ್ದು ಗೊತ್ತಾಗಬೇಡವಾ?"

ಅಡುಗೆಯಲ್ಲಿ ಉಪ್ಪು ಅರ್ಧಕ್ಕಿಳಿಯಿತು. ಗಂಡ ಎರಡು ದಿನ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟ, ಮೂರನೇ ದಿನದಿಂದ ಒಗ್ಗಿಕೊಂಡ. ಗಿರಣಿಯಲ್ಲಿ ಗೆರೆಯಕ್ಕ ಯಾರಿಗೂ ಕಾಣದಂತೆ ಪ್ರತಿ ಥಾನಿಗೂ ಸ್ಕೇಲಿಟ್ಟು ನೋಡತೊಡಗಿದಳು. ಮನೆಯಲ್ಲಿ ಕಾರ್ಡನ್ನು ಬಚ್ಚಲ ಬಾಗಿಲಿಗೆ ಅಂಟಿಸಿದಳು. ಅಂಟಿಸುವ ಮೊದಲು ಸ್ಕೇಲಿಟ್ಟು ಅದರ ಗೆರೆಗಳೇ ನೇರ ಇವೆಯೇ ಎಂದು ಅಳೆದಳು. ಇದ್ದವು.

ತೊಡಕು ಬಂದದ್ದು ರಜೆಯದು. ಸೂಜಿಮದ್ದಿನ ದಿನ ಗಿರಣಿಗೆ ಏನು ಹೇಳುವುದು? ಮೊದಲ ಸಲ "ಅತ್ತೆಗೆ ಜ್ವರ" ಎಂದು ಬರೆದಳು. ಎರಡನೆಯ ಸಲ "ಅತ್ತೆ ಜಾರಿ ಬಿದ್ದಿದ್ದಾರೆ". ಎರಡನೆಯದರ ಹೊತ್ತಿಗೆ ಊತ ಮುನ್ನೂರ ಹದಿನೆಂಟಕ್ಕೆ ಇಳಿದಿತ್ತು. ಅದಾದ ಎರಡೇ ವಾರಕ್ಕೆ ಕಾರ್ಡಿನ ಗೆರೆಗಳು ನೆಟ್ಟಗಾದವು. ಒತ್ತಡ ನೂರ ಇಪ್ಪತ್ತೆಂಟು, ಎಂಬತ್ತು. ಮೂರನೆಯ ಸೂಜಿಯ ಹಿಂದಿನ ದಿನ ಅವಳು ಅತ್ತೆಯ ಮುಂದೆ ನಿಂತಳು.

"ನಾಳೆಗೆ ನಿಮಗೆ ಏನಾಗಿದೆ ಅಂತ ಬರೀಲಿ?"

"ನನಗಾ? ಜ್ವರ ಬರಿಸಿದೆ, ಸೊಂಟ ಮುರಿಸಿದೆ. ಇನ್ನು ನಾನು ಸಾಯೋದೊಂದೇ ಬಾಕಿ. ಅದನ್ನ ಬರೆದ್ರೆ ಒಂದು ದಿನ ಸಾಲಲ್ಲ, ಹದಿನೈದು ದಿನ ರಜಾ ಕೇಳು!"

ಇಬ್ಬರೂ ನಕ್ಕರು. ಮಾರನೆಯ ದಿನ ಗೆರೆಯಕ್ಕ ಗಿರಣಿಗೆ ಹೋದಳು. ಗೆರೆ ನೇರ ಇದೆ, ಒತ್ತಡ ಇಳಿದಿದೆ, ಇನ್ನೇಕೆ ಚುಚ್ಚಿಸಿಕೊಳ್ಳಬೇಕು? ಅದೇ ಲೆಕ್ಕದಲ್ಲಿ ಮಾತ್ರೆಯನ್ನೂ ಬಿಟ್ಟಳು. ವಾರ್ತೆಯ ಹೊತ್ತಿಗೆ ಅತ್ತೆ ಎರಡು ಸಲ ಕೂಗಿದಳು, ಮೂರನೆಯ ಸಲ ಕೂಗಲಿಲ್ಲ. ರೋಗಕ್ಕೆ ಸೊಪ್ಪು ಹಾಕಬಾರದು ಎಂಬುದು ಗೆರೆಯಕ್ಕನ ಹಟ. ಹಟ ಹಿಡಿದ ದಿಕ್ಕು ಮಾತ್ರ ತಪ್ಪಾಗಿತ್ತು.

ಐದು ವಾರ ಚೆನ್ನಾಗಿತ್ತು. ಆರನೇ ವಾರದ ಒಂದು ಬೆಳಿಗ್ಗೆ ಬಚ್ಚಲ ಬಾಗಿಲ ಮುಂದೆ ಎಡಗಣ್ಣು ಮುಚ್ಚಿದಾಗ ಚುಕ್ಕೆಯ ಕೆಳಗಿನ ಎರಡು ಗೆರೆಗಳು ಅಲೆಯಾಗಿದ್ದವು. ಪರದೆಯ ಮೇಲ್ಭಾಗದ ಕೇಡು ನೋಟದ ಕೆಳಭಾಗದಲ್ಲಿ ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಅವಳು ಕಾರ್ಡು ಕಿತ್ತು, ತಲೆಕೆಳಗು ಮಾಡಿ ಅಂಟಿಸಿದಳು. ಅಲೆ ಅಲ್ಲೇ ಇತ್ತು, ಚುಕ್ಕೆಯ ಕೆಳಗೆ. ಈ ಸಲ ಯಾರನ್ನೂ ದೂರಲು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಊತ ನಾನೂರ ಐವತ್ತೈದು, ಒತ್ತಡ ನೂರ ಅರವತ್ನಾಲ್ಕು. ಡಾಕ್ಟರು ಬೈಯಲಿಲ್ಲ. ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು: ಐನೂರ ಹನ್ನೆರಡು, ಮುನ್ನೂರ ಹದಿನೆಂಟು, ಇವತ್ತಿನದು.

"ಸೂಜಿಮದ್ದು ಮುಚ್ಚಿದ ದಾರಿಯನ್ನ ತೆರೆಯಲ್ಲ. ಸೋರಿಕೆಯನ್ನ ತಡೆಹಿಡಿಯುತ್ತೆ, ಅಷ್ಟೇ. ಅಷ್ಟರಲ್ಲಿ ದೇಹ ಪಕ್ಕದಲ್ಲಿ ಬೇರೆ ಸಣ್ಣ ದಾರಿ ಮಾಡ್ಕೊಳ್ಳುತ್ತೆ. ಅದಕ್ಕೆ ತಿಂಗಳುಗಳು ಬೇಕು. ನೀವು ಔಷಧಿ ನಿಲ್ಲಿಸಿದ್ರಿ. ರೋಗ ನಿಂತಿರಲಿಲ್ಲ."

"ಮತ್ತೆ ಮೊದಲಿನ ಹಾಗೆ ಆಗುತ್ತಾ?"

"ಪೂರ್ತಿ ಮೊದಲಿನ ಹಾಗೆ ಅಂತ ಹೇಳಲಾರೆ. ಪ್ರತಿ ಸಲ ಊದಿದಾಗ ಸ್ವಲ್ಪ ಸ್ವಲ್ಪ ಕಳಕೊಳ್ತೀರಿ. ಯಾಕೆ ಬರಲಿಲ್ಲ?"

"ರಜಾ ಕೇಳೋಕೆ ಸುಳ್ಳು ಮುಗಿದು ಹೋಗಿತ್ತು."

ಡಾಕ್ಟರಿಗೆ ನಗು ಬಂತು. "ಹಾಗಾದ್ರೆ ನಿಜ ಹೇಳಿ ನೋಡಿ."

ಹೇಳುವುದು ಸುಲಭ. ನಿಜ ಹೇಳಿದರೆ ನಲವತ್ತು ಥಾನಿನ ನಿಜವನ್ನೂ ಹೇಳಬೇಕು, ಹೇಳಿದರೆ ಪ್ಯಾಕಿಂಗು. ಹೇಳದಿದ್ದರೆ ಸೂಜಿ ತಪ್ಪುತ್ತದೆ, ಸೂಜಿ ತಪ್ಪಿದರೆ ಕಣ್ಣು ಹೋಗುತ್ತದೆ, ಕಣ್ಣು ಹೋದರೆ ಹೇಗೂ ಪ್ಯಾಕಿಂಗು. ಬಸ್ಸಿನಲ್ಲಿ ಕೂತು ಅವಳು ಇಷ್ಟನ್ನು ಬಿಡಿಸಿದಳು. ಎರಡು ದಾರಿಯೂ ಒಂದೇ ಕಡೆಗೆ ಹೋಗುವುದಾದರೆ ತಲೆ ಎತ್ತಿ ನಡೆಯಬಹುದಾದ ದಾರಿಯೇ ವಾಸಿ.

ಮರುದಿನ ಬಣ್ಣದ ತೊಟ್ಟಿಗಳ ಕಡೆ ಹೋದಳು. ಸ್ಟೆಂಟರಣ್ಣನ ಕೈ ಮೊಣಕೈವರೆಗೆ ನೀಲಿ. ಆವಿಯ ನಡುವೆ ಕೆಮ್ಮುತ್ತ ನಿಂತಿದ್ದ.

"ಮ್ಯಾನೇಜರ ಹತ್ರ ಹೋಗ್ತಿದ್ದೀನಿ," ಅಂದಳು.

"ಯಾಕೆ, ತಲೆ ಕೆಟ್ಟಿದೆಯಾ? ಇನ್ನು ಮೂರು ತಿಂಗಳು, ಮುಗೀತು. ನನಗೇನೂ ಬೇಜಾರಿಲ್ಲ."

"ನಿನಗೆ ಇಲ್ಲದಿರಬಹುದು. ನಾನು ಆ ಮೇಜಿನ ಮುಂದೆ ನಿಂತಾಗೆಲ್ಲ ನಿನ್ನ ನೀಲಿ ಕೈ ಕಾಣುತ್ತೆ. ಕಣ್ಣೊಳಗೆ ಇರೋದು ಸಾಲದು ಅಂತ ಇದೊಂದು ಕಲೆ ಬೇರೆ."

"ಉಪಕಾರ ಮಾಡಿದ್ದಕ್ಕೆ ಬೈಗುಳ!"

"ನಿನ್ನ ಉಪಕಾರ ನೀನೇ ಇಟ್ಕೋ ಅಣ್ಣ. ನಾನು ಕೇಳಿದ್ನಾ?"

ಅವನು ಕೆಮ್ಮಿನ ನಡುವೆ ನಕ್ಕ. "ತಡೀಲೂ ಇಲ್ಲವಲ್ಲ."

"ಇಲ್ಲ," ಅಂದಳು ಗೆರೆಯಕ್ಕ. "ಅದನ್ನೂ ಹೇಳ್ತೀನಿ."

ಆದರೆ ಅಂದೇ ಹೋಗಲಿಲ್ಲ. ಮೊದಲು ಒಂದು ವಾರ ಎಡಗಣ್ಣು ಪಳಗಿಸಿದಳು. ಇದು ಅಂದುಕೊಂಡಷ್ಟು ಹಗುರವಲ್ಲ. ಇಪ್ಪತ್ನಾಲ್ಕು ವರ್ಷ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮುಚ್ಚು ಅಂದರೆ ಎರಡೂ ಮುಚ್ಚುತ್ತಿದ್ದವು. ತುಂಡುಬಟ್ಟೆಯಲ್ಲಿ ಕಣ್ಣಿಗೊಂದು ಮುಚ್ಚಳ ಹೊಲಿದಳು. ಮೇಜಿನ ಇನ್ನೊಂದು ಪಕ್ಕದಿಂದ ಬಗ್ಗಲು ಕಲಿತಳು. ಹಣೆಗೆ ಮೂರು ಸಲ ಉರುಳೆ ತಾಗಿತು. ಗೆರೆ ಬಾಗಿದೆ ಅನ್ನಿಸಿದಾಗೆಲ್ಲ ಸ್ಕೇಲಿಟ್ಟು ಅಳೆದಳು. ಮೊದಲ ದಿನ ಕಣ್ಣಿಗೂ ಸ್ಕೇಲಿಗೂ ಆರು ಸಲ ತಾಳೆಯಾಗಲಿಲ್ಲ, ವಾರದ ಕೊನೆಗೆ ಒಂದೇ ಸಲ. ಪಕ್ಕದ ಮೇಜಿನವಳು "ಏನಕ್ಕ, ಕಡಲ್ಗಳ್ಳರ ಗುಂಪು ಸೇರಿದ್ದೀಯಾ?" ಎಂದು ಮುಚ್ಚಳ ನೋಡಿ ಕೇಳಿದಳು. "ಹೂಂ, ನಾಯಕಿ ನಾನೇ," ಅಂದಳು ಗೆರೆಯಕ್ಕ.

ಮ್ಯಾನೇಜರು ಕೆಟ್ಟವರಲ್ಲ. ವಾಪಸ್ ಬಂದ ಮಾಲಿನ ಚಿಂತೆಯಲ್ಲಿ ಬೆಳಗೂ ಸಂಜೆಯೂ ಮುಳುಗಿದ ಮನುಷ್ಯ.

"ಆ ನಲವತ್ತು ಥಾನು ಕೆಡಿಸಿದ್ದು ನಾನು ಸಾರ್," ಅಂದಳು, ಕೂರದೆ. "ಸ್ಟೆಂಟರಣ್ಣ ನಾನು ಹೇಳಿದ ಹಾಗೆ ಉರುಳೆ ತಿರುಗಿಸಿದ್ದು. ನನ್ನ ಬಲಗಣ್ಣಿನ ರಕ್ತನಾಳ ಕಟ್ಕೊಂಡಿದೆ, ಗೆರೆ ಸೊಟ್ಟ ಕಾಣ್ತಿತ್ತು. ನನಗೆ ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ಅವನ ಮೆಮೊ ಹರೀರಿ, ನನಗೆ ಕೊಡಿ."

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಅತ್ತೆ ಹೇಗಿದ್ದಾರೆ?"

"ಗುಂಡುಕಲ್ಲಿನ ಹಾಗಿದ್ದಾರೆ. ಅವರಿಗೆ ಏನೂ ಆಗಿರಲಿಲ್ಲ."

"ಸರಿ. ಇಷ್ಟಾದರೂ ಹೇಳಿದ್ರಲ್ಲ. ನಾಳೆಯಿಂದ ಪ್ಯಾಕಿಂಗಿಗೆ ಹೋಗಿ. ಅಲ್ಲ, ಬೇಜಾರು ಮಾಡ್ಕೋಬೇಡಿ, ಕಣ್ಣಿಗೂ ವಿಶ್ರಾಂತಿ..."

"ಹೋಗಲ್ಲ."

"ನೀವೇ ತಪ್ಪು ಒಪ್ಕೊಂಡ್ರಲ್ಲ!"

"ತಪ್ಪು ಒಪ್ಕೊಂಡೆ, ಪ್ಯಾಕಿಂಗ್ ಒಪ್ಕೊಂಡಿಲ್ಲ. ತಪ್ಪು ನಂದು, ಮೇಜೂ ನಂದೇ. ನನ್ನ ಎಡಗಣ್ಣು ಚೆನ್ನಾಗಿದೆ, ಅದರ ಚೀಟಿ ಇಲ್ಲಿದೆ. ಪರೀಕ್ಷೆ ಮಾಡಿ. ಹತ್ತು ಥಾನು ಕೊಡಿ. ಎಷ್ಟರಲ್ಲಿ ಬಾಗಿದೆ, ಎಷ್ಟರಲ್ಲಿ ಇಲ್ಲ, ನನಗೆ ಹೇಳಬೇಡಿ. ಒಂದು ಬಾಗು ತಪ್ಪಿದರೂ ನಾನೇ ಟೇಪು ತಗೊಂಡು ಹೋಗ್ತೀನಿ."

"ಬೇಕಂತಲೇ ಬಾಗಿಸಿದ ಥಾನು ಯಾರು ಮಾಡ್ತಾರೆ?"

"ಮೂರು ಮಿಲಿಮೀಟರ್ ಅಂದ್ರೆ ಮೂರೇ ಮಿಲಿಮೀಟರ್ ಬಾಗಿಸೋನು ಈ ಗಿರಣೀಲಿ ಒಬ್ಬನೇ ಇದ್ದಾನೆ. ಅವನನ್ನ ನೀವು ಬಣ್ಣದಲ್ಲಿ ಅದ್ದಿಟ್ಟಿದ್ದೀರಿ."

ಮ್ಯಾನೇಜರು ಕಿಟಕಿಯ ಕಡೆ ನೋಡಿದರು. ಬಹುಶಃ ನಗು ಅಡಗಿಸಲು.

ಶುಕ್ರವಾರ ಪರೀಕ್ಷೆ ನಡೆಯಿತು. ಸ್ಟೆಂಟರಣ್ಣ ನೀಲಿ ಕೈಯಲ್ಲೇ ತಿರುಪು ಹಿಡಿದು ಹತ್ತು ಥಾನು ಸಿದ್ಧ ಮಾಡಿದ, ಅಳತೆ ಬರೆದು ಮ್ಯಾನೇಜರಿಗೆ ಕೊಟ್ಟ, ಗೆರೆಯಕ್ಕನ ಕಡೆ ತಿರುಗಿಯೂ ನೋಡದೆ ಹೊರಗೆ ಹೋಗಿ ನಿಂತ. ಹತ್ತು ಮೇಜಿನವರು ಕೆಲಸ ಮಾಡುತ್ತಿರುವ ಹಾಗೆ ನಟಿಸಿದರು. ಗೆರೆಯಕ್ಕ ಬಲಗಣ್ಣಿಗೆ ಮುಚ್ಚಳ ಕಟ್ಟಿ, ಬಗ್ಗಿ, ಅನುಮಾನ ಬಂದಲ್ಲಿ ಸ್ಕೇಲಿಟ್ಟು, ನಾಲ್ಕು ಥಾನುಗಳಿಗೆ ದಾರ ಕಟ್ಟಿದಳು. ಬಾಗಿದ್ದವು ನಾಲ್ಕೇ. ಅದರಲ್ಲೊಂದು ಬರೀ ಮೂರು ಮಿಲಿಮೀಟರಿನದು.

ಎಲ್ಲವೂ ಸಲೀಸಾಗಿರಲಿಲ್ಲ. ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಹೊತ್ತು ಹಿಡಿಯಿತು. ಏಳನೇ ಥಾನಿನ ಬಲ ಅಂಚಿನಲ್ಲಿದ್ದ ಎಣ್ಣೆಯ ಕಲೆಯೊಂದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಮ್ಯಾನೇಜರು ಅದನ್ನು ಬೆರಳಿಟ್ಟು ತೋರಿಸಿದರು.

"ತಪ್ಪಿದೆ," ಅಂದಳು. "ಬಲಗಡೆಗೆ ಕತ್ತು ಇನ್ನಷ್ಟು ತಿರುಗಿಸಬೇಕು. ತಿರುಗಿಸ್ತೀನಿ."

"ಹೊತ್ತೂ ಜಾಸ್ತಿ ಆಯ್ತು."

"ಅಳತೆ ಮಾಡಿದ್ದಕ್ಕೆ ಆಯ್ತು. ಇನ್ನು ಮೇಲೆ ಎಲ್ಲರಿಗೂ ಆಗಲಿ ಸಾರ್. ಸ್ಕೇಲಿಟ್ಟು ಮೂರು ಕಡೆ ಅಳೆದು ಬರೆದ ಮೇಲೇ ಉರುಳೆ ತಿರುಗಬೇಕು. ಯಾರ ಕಣ್ಣಿನ ಮಾತಿಗೂ ತಿರುಗಬಾರದು."

"ನಿಮ್ಮ ಮಾತಿಗೂ?"

"ಎಲ್ಲಕ್ಕಿಂತ ಮೊದಲು ನನ್ನ ಮಾತಿಗೇ ತಿರುಗಬಾರದು. ನಾನು ಹೇಳಿದೆ ಅಂತ ತಾನೆ ನಲವತ್ತು ಹೋಗಿದ್ದು?"

ಮ್ಯಾನೇಜರು ಹಾಳೆ ತೆಗೆದುಕೊಂಡು ಬರೆದರು. ಸ್ಟೆಂಟರಣ್ಣ ಸೋಮವಾರದಿಂದ ತನ್ನ ಯಂತ್ರಕ್ಕೆ. ಮೆಮೊ ಗೆರೆಯಕ್ಕನ ಹೆಸರಿಗೆ. ಆರನೇ ಮೇಜು ಮೂರು ತಿಂಗಳು ಅವಳ ಬಳಿಯೇ. ಆಮೇಲೆ ಮತ್ತೊಂದು ಪರೀಕ್ಷೆ. ಅವಳು ಎರಡು ಸಲ ಓದಿ ಸಹಿ ಹಾಕಿದಳು.

"ಮೂರು ತಿಂಗಳಲ್ಲಿ ಗುಣ ಆಗುತ್ತಲ್ಲ?" ಅಂದರು ಮ್ಯಾನೇಜರು. ಕಾಳಜಿಯಿಂದಲೇ ಕೇಳಿದ್ದು.

"ಅದನ್ನ ಡಾಕ್ಟ್ರಮ್ಮನೇ ಹೇಳಲಾರೆ ಅಂದಿದ್ದಾರೆ. ಒಂದಿಷ್ಟು ಸೊಟ್ಟ ಉಳಿದ್ರೂ ಉಳೀಬಹುದು. ಉಳಿದಿದ್ದನ್ನ ಇಟ್ಕೊಂಡು ನಾನು ಕೆಲಸ ಮಾಡ್ತೀನಿ, ಇನ್ನಷ್ಟು ಹೋಗೋಕೆ ಮಾತ್ರ ಬಿಡಲ್ಲ." ಅವಳು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟಳು. "ಬುಧವಾರ ಬರಲ್ಲ ಸಾರ್. ಕಣ್ಣಿಗೆ ಸೂಜಿ ಇದೆ. ಮುಂದಿನ ತಿಂಗಳೂ ಇದೆ, ಅದರ ಮುಂದಿನ ತಿಂಗಳೂ ಇದೆ. ಈಗಲೇ ಬರ್ಕೊಂಡುಬಿಡಿ."